ಸಮಾಧಿ ಇಲ್ಲದ ಸವಾರನಿಗೊಂದು ತಾರೀಖು

ಕಲಬುರಗಿಯ ರೋಜಾ ಬಡಾವಣೆಗೆ ಆ ಹೆಸರು ಬಂದದ್ದು ಒಂದು ಸಮಾಧಿಯಿಂದ. ಸಮಾಧಿ ಮಂದಿರವನ್ನು ‘ರೌಜಾ’ ಎನ್ನುತ್ತಾರೆ. 1422ರಲ್ಲಿ ಕಣ್ಮುಚ್ಚಿದ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಗೇಸುದರಾಜರ ದರ್ಗಾದ ಸುತ್ತ ಹಬ್ಬಿದ ಈ ಓಣಿಗಳು ಜನರ ಬಾಯಲ್ಲಿ ರೋಜಾ ಎಂದೇ ಉಳಿದಿವೆ. ಆರು ಶತಮಾನಗಳ ಹಿಂದೆ ತೀರಿಕೊಂಡವರ ಉರುಸನ್ನು ವರ್ಷ ವರ್ಷವೂ ತಪ್ಪದೆ ಆಚರಿಸುವ ಊರು ಇದು. ಇಂಥ ರೋಜಾದ ಒಂದು ಮನೆಯಲ್ಲಿ, ಸಮಾಧಿಯೂ ಇಲ್ಲದ, ಸತ್ತ ದಿನವೂ ತಿಳಿಯದ ಒಬ್ಬ ಮನುಷ್ಯನ ಪ್ರಸ್ತಾಪ ನನ್ನ ಮುಂದೆ ಬಂತು.

ಆ ಮನೆಯ ಹಿರಿಯಾಕೆಗೆ ಎಂಬತ್ತು ದಾಟಿದೆ. ಓಣಿಯವರಿಗೆಲ್ಲ ಅವರು ಖಾಲಾ, ನನಗೂ ಹಾಗೆಯೇ. ನಾನು ಇತಿಹಾಸ ಕಲಿಸಿ ನಿವೃತ್ತನಾದವನೆಂಬ ಕಾರಣಕ್ಕೆ, ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿದ್ದ ಅವರ ಮೊಮ್ಮಗ ನನ್ನನ್ನು ಕರೆದೊಯ್ದಿದ್ದ. ಖಾಲಾ ತಗಡಿನ ಪೆಟ್ಟಿಗೆಯಿಂದ ಬಟ್ಟೆಯಲ್ಲಿ ಸುತ್ತಿಟ್ಟ ಬೆಳ್ಳಿಯ ಬಿಲ್ಲೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಂದು ಬದಿಯಲ್ಲಿ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಬದಿಯಲ್ಲಿ ಕುದುರೆಯ ಮೇಲೆ ಕುಳಿತ ಸವಾರ, ಜತೆಗೆ 1914 ಮತ್ತು 1918 ಎಂಬ ಅಂಕಿಗಳು. ರಿಬ್ಬನ್ ಎಂದೋ ಹೋಗಿತ್ತು. ಯಾವ ಕಾಲದಲ್ಲೋ ಅಕ್ಕಸಾಲಿಗನೊಬ್ಬ ಅದಕ್ಕೆ ಕೊಂಡಿ ಬೆಸೆದು ಮಗುವಿನ ಕೊರಳಿಗೆ ಹಾಕುವ ಪದಕವಾಗಿಸಿದ್ದ.

‘ಇದು ನಮ್ಮ ನಾನಾ ಅವರದು. ಜರ್ಮನ್ ಜಂಗಿಗೆ ಹೋದವರು ತಿರುಗಿ ಬರಲಿಲ್ರಿ ಮಾಸ್ತರ. ಜಂಗಲ್‌ದಾಗ ಕಳದುಹೋದ್ರಂತ, ರಂಜಾನ್ ತಿಂಗಳದಾಗ. ನಮ್ಮ ಅಮ್ಮ ಹೇಳಿದ್ದು ಅಷ್ಟೇ. ಶಬೇ ಬರಾತ್‌ಗೆ ಎಲ್ಲಾರ ಜೋಡಿ ಅವರ ಹೆಸರೂ ತಗೋತೀವಿ. ಅವರದೇ ತಾರೀಖು ಒಂದು ಸಿಕ್ಕರ ಅವತ್ತು ಫಾತಿಹಾ ಓದಸ್ತೀವ್ರಿ.’

ಖಾಲಾ ಕೇಳಿದ್ದು ಪಿಂಚಣಿಯನ್ನಲ್ಲ, ಸನ್ಮಾನವನ್ನಲ್ಲ. ಒಂದು ತಾರೀಖನ್ನು. ಅದನ್ನು ಹುಡುಕಲು ಹೊರಟ ನನಗೆ ಎದುರಾದ ಸಂಗತಿಗಳು ಈ ಒಂದು ಮನೆಗಷ್ಟೇ ಸೇರಿದವಲ್ಲ ಎನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕುಟುಂಬದ ಇಚ್ಛೆಯಂತೆ ಸವಾರನ ಹೆಸರನ್ನು ಹೇಳುವುದಿಲ್ಲ.

ಮೊದಲ ಸಾಕ್ಷಿ ಆ ಬಿಲ್ಲೆಯೇ. ಮೊದಲ ಮಹಾಯುದ್ಧದ ಬೆಳ್ಳಿ ಪದಕಗಳ ಅಂಚಿನಲ್ಲಿ ಪಡೆದವನ ಸೈನಿಕ ಸಂಖ್ಯೆ, ಹುದ್ದೆ, ಹೆಸರು, ರೆಜಿಮೆಂಟುಗಳನ್ನು ಸಣ್ಣ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತಾರೆ. ಬಹಳ ಮನೆಗಳಲ್ಲಿ ಇದು ಗೊತ್ತಿರುವುದಿಲ್ಲ. ಮುಖವನ್ನು ನೋಡುತ್ತಾರೆ, ಅಂಚನ್ನು ನೋಡುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ‘ಸವಾರ್’ ಎಂಬ ಹುದ್ದೆಯೂ, ಹೆಸರೂ, ಇಪ್ಪತ್ತರ ಅಂಕಿಯೊಡನೆ ಡೆಕ್ಕನ್ ಹಾರ್ಸ್ ಎಂಬುದರ ಸಂಕ್ಷೇಪವೂ ಕಂಡವು. ಕೊಂಡಿ ಬೆಸೆಯುವಾಗ ಅಕ್ಕಸಾಲಿಗ ಅರ ಹಾಕಿದ ಜಾಗದಲ್ಲೇ ಸೈನಿಕ ಸಂಖ್ಯೆಯಿತ್ತು. ಅದರ ಕೊನೆಯ ಅಂಕಿಗಳು ಉಜ್ಜಿ ಹೋಗಿದ್ದವು. ಅಷ್ಟು ಸಣ್ಣ ಸವಕಳಿ ಎಷ್ಟು ದೊಡ್ಡ ನಷ್ಟವೆಂಬುದು ನನಗೆ ತಿಳಿದದ್ದು ಆಮೇಲೆ.

ಇಪ್ಪತ್ತನೆಯ ಡೆಕ್ಕನ್ ಹಾರ್ಸ್ ಹೈದರಾಬಾದ್ ಸಂಸ್ಥಾನದ ನೆಲದಲ್ಲೇ ಹುಟ್ಟಿದ ಅಶ್ವದಳ. ನಿಜಾಮರ ಖರ್ಚಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಬೆಳೆದ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೇನೆಯ ಭಾಗ ಅದು. ಈ ಸೇನೆಯ ಖರ್ಚಿಗೆಂದೇ 1853ರ ಒಪ್ಪಂದದಲ್ಲಿ ಬೇರಾರ್ ಪ್ರಾಂತದೊಂದಿಗೆ ನಮ್ಮ ರಾಯಚೂರು ದೋಆಬ್ ಕೂಡ ಬ್ರಿಟಿಷರ ಕೈಗೆ ಹೋಗಿ, 1860ರಲ್ಲಿ ಮರಳಿ ಬಂತು. 1903ರಲ್ಲಿ ಕಂಟಿಂಜೆಂಟ್ ರದ್ದಾಗಿ ಅದರ ದಳಗಳು ಭಾರತೀಯ ಸೇನೆಯಲ್ಲಿ ಸೇರಿಕೊಂಡವು. ಡೆಕ್ಕನ್ ಹಾರ್ಸ್‌ನಲ್ಲಿ ಸಿಖ್ಖರು, ಜಾಟರು ಇದ್ದಂತೆ ದಖ್ಖನಿನ ಮುಸ್ಲಿಮರೂ ಇದ್ದರು. 1914ರ ಶರತ್ಕಾಲದಲ್ಲಿ ದಳ ಫ್ರಾನ್ಸ್ ತಲುಪಿತು.

ಇಲ್ಲಿ ಖಾಲಾ ಅವರ ಇನ್ನೊಂದು ನೆನಪು ಹೊಂದಿಕೊಂಡಿತು. ಅವರ ತಾಯಿಯ ತವರು ಕಮಲಾಪುರ. ಹುಮನಾಬಾದ್ ರಸ್ತೆಯ ಆ ಊರು ಈಗ ಕೆಂಪು ಬಾಳೆಹಣ್ಣಿಗೆ ಹೆಸರುವಾಸಿ. ‘ನಾನಾ ಅವರ ಕುದುರೆಗಾಗಿ ಕಮಲಾಪುರದ ಹೊಲ ಅಡವಿಟ್ಟರು’ ಎಂಬ ಮಾತು ಮನೆಯಲ್ಲಿ ನಡೆದುಬಂದಿದೆ. ಸರ್ಕಾರದ ಸೇನೆಗೆ ಸೇರುವವನು ತನ್ನ ಹೊಲವನ್ನೇಕೆ ಅಡವಿಡಬೇಕು ಎಂದು ಮೊಮ್ಮಗ ನಕ್ಕಿದ್ದ. ಆದರೆ ಅದು ನಿಜವಾಗಿರಲು ಸಾಧ್ಯ. ಆ ಕಾಲದ ಭಾರತೀಯ ಅಶ್ವದಳಗಳು ಬಹುಪಾಲು ‘ಸಿಲ್ಲೇದಾರಿ’ ಪದ್ಧತಿಯಲ್ಲಿ ನಡೆಯುತ್ತಿದ್ದವು. ಸೇರುವವನು ಕುದುರೆ ಮತ್ತು ಸರಂಜಾಮಿನ ಬಾಬ್ತು ಒಂದು ಮೊತ್ತವನ್ನು ದಳಕ್ಕೆ ಕಟ್ಟಬೇಕು. ಅದಕ್ಕೆ ತಕ್ಕಂತೆ ಸಂಬಳ ಹೆಚ್ಚು. ಹಾಗಾಗಿ ಒಂದಿಷ್ಟು ಭೂಮಿ ಇದ್ದ ಮನೆಗಳವರೇ ಸವಾರರಾಗುತ್ತಿದ್ದರು. ಯುದ್ಧ ಮುಗಿದ ಮೇಲೆ ಈ ಪದ್ಧತಿ ನಿಂತುಹೋಯಿತು.

ಅಡವಿನ ಪತ್ರವಾಗಲಿ, ಮರಣದ ಸುದ್ದಿ ಹೊತ್ತು ಬಂದ ಕಾಗದವಾಗಲಿ ಈಗ ಇಲ್ಲ. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಬೆನ್ನಲ್ಲೇ ಬಂದ ಕೆಟ್ಟ ದಿನಗಳಲ್ಲಿ ಕುಟುಂಬ ಕಮಲಾಪುರ ಬಿಟ್ಟು ರೋಜಾಕ್ಕೆ ಬಂತು. ಅಂದು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದು. ಉಟ್ಟ ಬಟ್ಟೆಯಲ್ಲಿ ಹೊರಟವರ ಕೈಯಲ್ಲಿ ಬೆಳ್ಳಿ ಉಳಿಯಿತು, ಕಾಗದ ಉಳಿಯಲಿಲ್ಲ.

ನನ್ನ ಕೈಯಲ್ಲಿದ್ದದ್ದು ಇಷ್ಟು: ಒಂದು ರೆಜಿಮೆಂಟ್, ಒಂದು ತಿಂಗಳು, ಒಂದು ಕಾಡು. ಇಷ್ಟರಿಂದ ಹುಡುಕಬಹುದೇ? ಹುಡುಕಬಹುದು. ಅದಕ್ಕೆ ಎರಡು ಸಾಧನಗಳಿವೆ: ಯುದ್ಧ ದಿನಚರಿ ಮತ್ತು ಕಂದಕ ನಕ್ಷೆ.

ಯುದ್ಧಭೂಮಿಯಲ್ಲಿದ್ದ ಪ್ರತಿಯೊಂದು ದಳವೂ ದಿನ ದಿನವೂ ದಿನಚರಿ ಬರೆಯಬೇಕೆಂಬುದು ಬ್ರಿಟಿಷ್ ಸೇನೆಯ ನಿಯಮವಾಗಿತ್ತು. ಅದಕ್ಕೆಂದೇ ಅಚ್ಚಾದ ನಮೂನೆ ಇತ್ತು: ಸ್ಥಳ, ತಾರೀಖು, ಗಂಟೆ, ಘಟನೆಗಳ ಸಾರಾಂಶ ಎಂಬ ಕಲಂಗಳು. ದಳದ ಅಧಿಕಾರಿಯೊಬ್ಬ ಸಂಜೆ ಡೇರೆಯಲ್ಲೋ ಕಂದಕದಲ್ಲೋ ಕುಳಿತು ಪೆನ್ಸಿಲಿನಲ್ಲಿ ಬರೆದ ಈ ಹಾಳೆಗಳು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಡಬ್ಲ್ಯೂ ಓ 95’ ಎಂಬ ಶ್ರೇಣಿಯಲ್ಲಿವೆ. ಫ್ರಾನ್ಸ್‌ನಲ್ಲಿ ಕಾದಿದ ಭಾರತೀಯ ದಳಗಳ ದಿನಚರಿಗಳೂ ಅದರಲ್ಲಿ ಸೇರಿವೆ. ಈಗ ಇವುಗಳ ಚಿತ್ರಪ್ರತಿಗಳನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಓದಬಹುದು. ಒಂದೇ ದಳದ ದಿನಚರಿ ಸಾಲದು. ಅದರ ಮೇಲಿನ ಬ್ರಿಗೇಡಿನದು, ಡಿವಿಷನ್ನಿನದು, ಪಕ್ಕದಲ್ಲಿ ಕಾದಿದ ದಳದ್ದು, ಎಲ್ಲವನ್ನೂ ಜತೆಗಿಟ್ಟು ಓದಿದಾಗ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹೇಳಿರುತ್ತಾರೆ.

ಇನ್ನು ರಂಜಾನ್. ಚಾಂದ್ರಮಾನದ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 1914ರಲ್ಲಿ ರಂಜಾನ್ ಆರಂಭವಾದದ್ದು ಜುಲೈ ಕೊನೆಯಲ್ಲಿ. ಆಗ ದಳ ಇನ್ನೂ ಇಲ್ಲೇ ಇತ್ತು. 1915ರ ರಂಜಾನ್ ಜುಲೈ ನಡುವಿನಿಂದ, 1916ರದು ಜುಲೈ ಮೊದಲ ದಿನಗಳಿಂದ, 1917ರದು ಜೂನ್ ಮೂರನೆಯ ವಾರದಿಂದ. 1918ರ ವಸಂತದಲ್ಲಿ ಭಾರತೀಯ ಅಶ್ವದಳಗಳನ್ನು ಫ್ರಾನ್ಸ್‌ನಿಂದ ಈಜಿಪ್ಟಿಗೆ ಕಳಿಸಿದ್ದರಿಂದ ಆ ವರ್ಷದ ರಂಜಾನ್ ಹೊತ್ತಿಗೆ ಡೆಕ್ಕನ್ ಹಾರ್ಸ್ ಪ್ಯಾಲೆಸ್ತೀನ್ ರಣರಂಗಕ್ಕೆ ಸೇರಿತ್ತು. ಅಲ್ಲಿ ಅದು ಮೈಸೂರು ಲ್ಯಾನ್ಸರ್ಸ್ ಮತ್ತು ಹೈದರಾಬಾದ್ ಲ್ಯಾನ್ಸರ್ಸ್ ಇದ್ದ ಐದನೆಯ ಅಶ್ವ ಡಿವಿಷನ್ನಿನಲ್ಲೇ ಕಾದಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಸವಾರರನ್ನು ನಾವು ನೆನೆಯುತ್ತೇವೆ. ಅವರ ನೆರೆಯ ಬ್ರಿಗೇಡಿನಲ್ಲಿ ದಖ್ಖನಿನ ಸವಾರರಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ.

ದಳ ಯುದ್ಧಭೂಮಿಯಲ್ಲಿ ಕಳೆದದ್ದು ಹೀಗೆ ನಾಲ್ಕು ರಂಜಾನ್. ಇವುಗಳಲ್ಲಿ ‘ಜಂಗಲ್’ ಎಂಬ ಮಾತಿಗೆ ಅರ್ಥ ಬರುವುದು ಒಂದೇ ಒಂದರಲ್ಲಿ, 1916ರಲ್ಲಿ. ಅದು ಸೊಮ್ ಕದನದ ಬೇಸಿಗೆ.

ಆ ಕಾಡಿನ ಹೆಸರು ಫ್ರೆಂಚರಲ್ಲಿ ಫುರ್ಕೋ, ಇಂಗ್ಲಿಷರಲ್ಲಿ ಹೈವುಡ್. ಜುಲೈ 14ರ ನಸುಕಿನ 3 ಗಂಟೆ 25 ನಿಮಿಷಕ್ಕೆ ಬ್ರಿಟಿಷ್ ಪದಾತಿಗಳು ಅದರ ಕೆಳಗಿನ ದಿಬ್ಬದ ಸಾಲಿನ ಮೇಲೆ ನುಗ್ಗಿ ಜರ್ಮನ್ನರ ಎರಡನೆಯ ರಕ್ಷಣಾ ಸಾಲನ್ನು ಹಿಡಿದರು. ಬೆಳಗಿನಲ್ಲಿ ಹೈವುಡ್ ಹೆಚ್ಚುಕಡಿಮೆ ಖಾಲಿ ಇತ್ತು. ಆದರೆ ಮುನ್ನಡೆಯಲು ಅಪ್ಪಣೆ ಬರುವ ಹೊತ್ತಿಗೆ ಇಡೀ ಹಗಲು ಕಳೆದುಹೋಯಿತು. ಗುಂಡಿ ಬಿದ್ದ, ಜಾರುವ ನೆಲದ ಮೇಲೆ ಕುದುರೆಗಳು ಮುಂದೆ ಬರುವುದೇ ಕಷ್ಟವಾಗಿತ್ತು. ಸಂಜೆ ಏಳರ ಸುಮಾರಿಗೆ ಸಿಕಂದರಾಬಾದ್ ಬ್ರಿಗೇಡಿನ ಏಳನೆಯ ಡ್ರಾಗೂನ್ ಗಾರ್ಡ್ಸ್ ಮತ್ತು ಇಪ್ಪತ್ತನೆಯ ಡೆಕ್ಕನ್ ಹಾರ್ಸ್, ಕಾಡಿನೊಳಕ್ಕೆ ಹೊರಟ ಪದಾತಿಗಳ ಬಲಬದಿಯಲ್ಲಿ, ನಿಂತ ಪೈರಿನ ನಡುವೆ ಭರ್ಜಿ ಹಿಡಿದು ಏರಿದವು. ಪೈರಿನಲ್ಲಿ ಅಡಗಿದ್ದ ಜರ್ಮನ್ನರಲ್ಲಿ ಕೆಲವರು ಭರ್ಜಿಗೆ ಸಿಕ್ಕರು, ಕೆಲವರು ಸೆರೆಯಾದರು. ಬಳಿಕ ಮಷೀನ್ ಗನ್ನುಗಳ ಹೊಡೆತ ಬಿದ್ದಾಗ ಸವಾರರು ಕೆಳಗಿಳಿದು, ಕಾಡಿಗೂ ಲಾಂಗ್ವಾಲ್ ಹಳ್ಳಿಗೂ ನಡುವೆ ಸಾಲು ಹಿಡಿದು ರಾತ್ರಿ ಕಳೆದರು. ಮರುದಿನ ಬೆಳಕಾಗುವ ಮುನ್ನ ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಆ ಕಾಡು ಪೂರ್ತಿಯಾಗಿ ಕೈಸೇರಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 15ರಂದು.

ಅಂದಿನ ದಿನ ಡೆಕ್ಕನ್ ಹಾರ್ಸ್‌ನ ಸವಾರರು ಬಯಲಿನಲ್ಲಿ ಕುದುರೆಗಳೊಡನೆ ಕಾದು ನಿಂತ ಛಾಯಾಚಿತ್ರ ಆ ಯುದ್ಧದ ಹೆಸರಾದ ಚಿತ್ರಗಳಲ್ಲೊಂದು. ಮುಂಡಾಸು, ಭರ್ಜಿ, ಬಳಲಿದ ಕುದುರೆ. ಕ್ಯಾಲೆಂಡರ್ ತಿರುವಿ ಹಾಕಿದರೆ ಅದು ರಂಜಾನ್‌ನ ಹನ್ನೆರಡನೆಯ ಅಥವಾ ಹದಿಮೂರನೆಯ ದಿನ. ನಿಂತವರಲ್ಲಿ ಯಾರು ಉಪವಾಸವಿದ್ದರು, ಯಾರು ಬಿಟ್ಟಿದ್ದರು ಎಂಬುದಕ್ಕೆ ದಿನಚರಿಯ ಕಲಂಗಳಲ್ಲಿ ಜಾಗವಿಲ್ಲ.

ಸ್ಥಳವನ್ನು ಇನ್ನೂ ಸಮೀಪಿಸಲು ಕಂದಕ ನಕ್ಷೆ ಬೇಕು. ದಿನಚರಿಗಳಲ್ಲಿ ‘57ಸಿ, ಎಸ್.4.ಡಿ.5.2’ ಎಂಬಂಥ ಗುಪ್ತಲಿಪಿಯಂತೆ ಕಾಣುವ ಬರಹ ಪದೇ ಪದೇ ಬರುತ್ತದೆ. ಅದು ವಿಳಾಸ. ಮೊದಲ ಅಂಕಿ ನಕ್ಷೆಯ ಹಾಳೆಯದು. ಹಾಳೆಯನ್ನು ಇಂಗ್ಲಿಷಿನ ಎ ಇಂದ ಎಕ್ಸ್ ವರೆಗೆ ದೊಡ್ಡ ಚೌಕಗಳಾಗಿ, ಪ್ರತಿ ಚೌಕವನ್ನು 30 ಅಥವಾ 36 ಸಣ್ಣ ಚೌಕಗಳಾಗಿ ವಿಂಗಡಿಸಿರುತ್ತಾರೆ. ಈ ಸಣ್ಣ ಚೌಕದ ಒಂದೊಂದು ಬದಿಯೂ ಸಾವಿರ ಗಜ. ಅದನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಪಾಲು ಮಾಡಿ, ಪ್ರತಿ ಪಾಲಿನ ನೈಋತ್ಯ ಮೂಲೆಯಿಂದ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂದು ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಕೊನೆಯ ಎರಡು ಅಂಕಿ ಹೇಳುತ್ತವೆ. ಹೀಗೆ ಒಂದು ಜಾಗವನ್ನು ಐವತ್ತು ಗಜದೊಳಗೆ ಗುರುತಿಸಬಹುದು. ಜರ್ಮನ್ನರ ಕಂದಕಗಳನ್ನು ಆಗಿನ ಬ್ರಿಟಿಷ್ ನಕ್ಷೆಗಳಲ್ಲಿ ಕೆಂಪು ಗೆರೆಯಲ್ಲಿ ತೋರಿಸುತ್ತಿದ್ದರು. ಗೆರೆಗಳು ವಾರಕ್ಕೊಮ್ಮೆ ಬದಲಾಗುತ್ತಿದ್ದುದರಿಂದ ನಕ್ಷೆಯ ಮೂಲೆಯಲ್ಲಿ ಅಚ್ಚಾದ ತಾರೀಖನ್ನು ನೋಡದೆ ಓದಿದರೆ ದಾರಿ ತಪ್ಪುತ್ತದೆ.

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇಂಥ ನಕ್ಷೆಗಳನ್ನು ಇಂದಿನ ಭೂಪಟದ ಮೇಲೆ ಹೊಂದಿಸಿ ಎಲ್ಲರಿಗೂ ತೆರೆದಿಟ್ಟಿದೆ. ಖಾಲಾ ಅವರ ಮೊಮ್ಮಗನ ಕಂಪ್ಯೂಟರಿನಲ್ಲಿ ನಾವು 57ಸಿ ಹಾಳೆಯನ್ನು ತೆರೆದೆವು. ಎಸ್ ಚೌಕ, ಅದರಲ್ಲಿ ನಾಲ್ಕನೆಯದು: ಹೈವುಡ್. ಅದರ ಕೆಳಗೆ ಹತ್ತು. ಇನ್ನೂ ಕೆಳಗೆ ಹದಿನೇಳರಲ್ಲಿ ಲಾಂಗ್ವಾಲ್. ನಡುವಿನ ಬಯಲೇ ಸವಾರರು ರಾತ್ರಿ ಕಳೆದ ನೆಲ. ನಕ್ಷೆಯನ್ನು ಮಸುಕಾಗಿಸಿ ಇಂದಿನ ಉಪಗ್ರಹ ಚಿತ್ರವನ್ನು ಮೇಲೆ ತಂದಾಗ ಕಾಡು ಮತ್ತೆ ಬೆಳೆದಿರುವುದು ಕಂಡಿತು, ಸುತ್ತ ಉಳುಮೆಯ ಹೊಲಗಳು. ಖಾಲಾ ಬಹಳ ಹೊತ್ತು ನೋಡಿ ಕೇಳಿದರು: ‘ಇದು ನಮ್ಮ ಕಮಲಾಪುರದ ಕಡೆ ಹೊಲ ಇದ್ದಂಗ ಅದ. ಇಲ್ಲೇ ಏನ್ರಿ?’

ಇಲ್ಲಿಗೆ ಸಾಧನಗಳ ಶಕ್ತಿ ಮುಗಿಯಿತು. ಸ್ಥಳ ಸಿಕ್ಕಿತು, ದಿನ ಸಿಕ್ಕಿತು. ಆದರೆ ಅಲ್ಲಿ ಅವರೇ ಇದ್ದರೇ? ಯುದ್ಧ ದಿನಚರಿ ಸಾಮಾನ್ಯವಾಗಿ ಅಧಿಕಾರಿಗಳನ್ನು ಹೆಸರಿನಿಂದಲೂ ಉಳಿದವರನ್ನು ಅಂಕಿಯಿಂದಲೂ ಬರೆಯುತ್ತದೆ. ಇಷ್ಟು ಜನ ಸತ್ತರು, ಇಷ್ಟು ಜನ ಗಾಯಗೊಂಡರು, ಇಷ್ಟು ಜನ ಕಾಣೆಯಾದರು, ಇಷ್ಟು ಕುದುರೆ ಹೋದವು. ನ್ಯಾಯವಾಗಿ ಹೇಳಬೇಕೆಂದರೆ ಇದು ಭಾರತೀಯರಿಗೆ ಮಾತ್ರ ಆದದ್ದಲ್ಲ. ಸಾಮಾನ್ಯ ಇಂಗ್ಲಿಷ್ ಸಿಪಾಯಿಯೂ ದಿನಚರಿಯಲ್ಲಿ ಒಂದು ಅಂಕಿಯೇ. ಭೇದ ಆರಂಭವಾಗುವುದು ದಿನಚರಿಯ ಆಚೆ. ಇಂಗ್ಲೆಂಡಿನ ಮನೆಯವರಿಗೆ ಸತ್ತ ಸಿಪಾಯಿಗಳ ಹೆಸರುಗಳನ್ನು ರೆಜಿಮೆಂಟುವಾರು ಮುದ್ರಿಸಿದ ಸಂಪುಟಗಳು 1921ರಲ್ಲೇ ದೊರೆತವು. ಅವರ ಸೇವಾ ದಾಖಲೆಗಳಲ್ಲಿ ಬಹುಪಾಲು 1940ರ ಬಾಂಬ್ ದಾಳಿಯಲ್ಲಿ ಸುಟ್ಟರೂ ಪದಕದ ಪಟ್ಟಿ, ಪಿಂಚಣಿ ಚೀಟಿ, ಊರಿನ ಸ್ಮಾರಕದ ಕಲ್ಲು ಎಂದು ಇನ್ನೂ ಹತ್ತು ದಾರಿ ಉಳಿದವು. ನಮ್ಮ ಸವಾರರ ಪಾಲಿಗೆ ದಿನಚರಿಯ ಅಂಕಿಯನ್ನು ಹೆಸರಾಗಿ ಬಿಡಿಸುವ ಕಾಗದಗಳು ಬಹಳ ಕಡಿಮೆ.

ಫ್ರಾನ್ಸ್‌ನಲ್ಲಿ ಸತ್ತವರು ಈ ದೃಷ್ಟಿಯಿಂದ ಸ್ವಲ್ಪ ಪುಣ್ಯವಂತರು. 1927ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ನೂವ್ ಶಾಪೆಲ್ ಸ್ಮಾರಕದಲ್ಲಿ, ಪಶ್ಚಿಮ ರಣರಂಗದಲ್ಲಿ ಗೋರಿಯಿಲ್ಲದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಹಾಗಲ್ಲ. ಅಲ್ಲಿ 1929ರಲ್ಲಿ ನಿಲ್ಲಿಸಿದ ಕಲ್ಲಿನ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಿದರು. ಭಾರತದ ಸಾಮಾನ್ಯ ಸಿಪಾಯಿಗಳನ್ನು ರೆಜಿಮೆಂಟಿನ ಕೆಳಗೆ ಬರಿಯ ಸಂಖ್ಯೆಯಾಗಿ ನಮೂದಿಸಿದರು. ಸಮರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ತಪ್ಪನ್ನು ಒಪ್ಪಿಕೊಂಡಿತು. ಆಫ್ರಿಕ, ಏಷ್ಯಾಗಳ 45,000ದಿಂದ 54,000 ಮಂದಿಯನ್ನು ಅಸಮಾನವಾಗಿ ಸ್ಮರಿಸಲಾಗಿದೆ. ಕನಿಷ್ಠ 1,16,000, ಬಹುಶಃ 3,50,000ದವರೆಗಿನ ಜನರನ್ನು ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ಆ ವರದಿ ಹೇಳಿತು. ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿತು.

ನೂವ್ ಶಾಪೆಲ್‌ನ ಪಟ್ಟಿಯಲ್ಲಿ ನಾವು ಖಾಲಾ ಅವರ ನಾನಾರನ್ನು ಹುಡುಕಿದೆವು. ನಮ್ಮ ಕಡೆಯ ಮುಸ್ಲಿಮರಲ್ಲಿ ತೀರ ಸಾಮಾನ್ಯವಾದ ಹೆಸರು ಅದು. ಉರ್ದುವಿನಲ್ಲಿ ಒಂದೇ ಬಗೆಯಲ್ಲಿ ಬರೆಯುವ ಹೆಸರನ್ನು ಇಂಗ್ಲಿಷ್ ಗುಮಾಸ್ತರು ನಾಲ್ಕು ಬಗೆಯಲ್ಲಿ ಬರೆದಿರುತ್ತಾರೆ. ಊರಿನ ಹೆಸರುಗಳ ಗತಿಯೂ ಅದೇ. ಗುಲಬರ್ಗಾ ಒಂದು ಕಡೆ ಕುಲಬರ್ಗಾ ಆಗಿರಬಹುದು. ಕಮಲಾಪುರವೆಂದು ಸ್ಪಷ್ಟವಾಗಿ ಬರೆದಿದ್ದರೂ ಹಂಪಿಯ ಬಳಿ ಒಂದು ಕಮಲಾಪುರವಿದೆ, ತೆಲಂಗಾಣದಲ್ಲಿ ಇನ್ನೊಂದಿದೆ. ಹೊಂದಬಹುದಾದ ಹೆಸರು ನಮಗೆ ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿತು. ಯಾವುದರ ಎದುರಿಗೂ ನಮ್ಮ ಕಮಲಾಪುರವಿರಲಿಲ್ಲ. ಇಂಥ ಕಡೆ ತೀರ್ಮಾನ ಹೇಳುವುದು ಸೈನಿಕ ಸಂಖ್ಯೆ ಮಾತ್ರ. ಅದರ ಕೊನೆಯ ಅಂಕಿಗಳು ಅಕ್ಕಸಾಲಿಗನ ಅರಕ್ಕೆ ಸಿಕ್ಕಿ ಪುಡಿಯಾಗಿದ್ದವು.

ಇಂಥ ಹುಡುಕಾಟದಲ್ಲಿ ದೊಡ್ಡ ಪ್ರಲೋಭನೆ ಇರುವುದು ಇಲ್ಲೇ. ಎದುರಿಗೆ ಎಂಬತ್ತು ದಾಟಿದ ಹೆಂಗಸು ಕುಳಿತಿದ್ದಾರೆ. ‘ಹೌದು ಖಾಲಾ, ಇವರೇ’ ಎಂದುಬಿಟ್ಟರೆ ಅವರಿಗೆ ಸಮಾಧಾನ, ನಮಗೆ ಕೀರ್ತಿ. ಆದರೆ ಪಟ್ಟಿಯಲ್ಲಿರುವ ಆ ಇನ್ನೊಬ್ಬ ಸವಾರನಿಗೂ ಯಾವುದೋ ಊರಿನಲ್ಲಿ ಒಂದು ಮನೆಯಿದೆ. ಅವರ ಸತ್ತವನನ್ನು ಇವರಿಗೆ ಕೊಡುವ ಹಕ್ಕು ನನಗಿಲ್ಲ. ಮನೆಯ ನೆನಪೂ ತಪ್ಪಿರಬಹುದು. ರಂಜಾನ್ ಎಂಬುದು ಸತ್ತ ತಿಂಗಳೋ, ಸುದ್ದಿ ಬಂದ ತಿಂಗಳೋ? ಜಂಗಲ್ ಎಂದದ್ದು ಹೈವುಡ್ಡೋ, ಪಕ್ಕದ ಡೆಲ್ವಿಲ್ ಕಾಡೋ? ಸಾಕ್ಷ್ಯ ಬಹಳ ಮಟ್ಟಿಗೆ ಒಂದೇ ಕಡೆ ಬೆರಳು ಮಾಡುತ್ತದೆ. ಆದರೆ ಅದು ಬೆರಳೇ ಹೊರತು ಪುರಾವೆಯಲ್ಲ.

ಪಂಜಾಬಿನ ಮನೆಗಳಿಗೆ ಈ ಇಕ್ಕಟ್ಟು ಅಷ್ಟಿಲ್ಲ. ಯುದ್ಧ ಮುಗಿದೊಡನೆ ಅಲ್ಲಿನ ಸರ್ಕಾರ ಹಳ್ಳಿ ಹಳ್ಳಿಯಿಂದ ಯಾರು ಹೋದರು, ಯಾರು ಬಂದರು, ಯಾರು ಬರಲಿಲ್ಲ ಎಂದು ರಿಜಿಸ್ಟರು ಮಾಡಿಸಿತ್ತು. ಸುಮಾರು 26,000 ಪುಟಗಳ, 3,20,000 ಹೆಸರುಗಳ ಆ ರಿಜಿಸ್ಟರುಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದು, 2021ರ ನವೆಂಬರ್‌ನಿಂದ ಸಾರ್ವಜನಿಕರಿಗೆ ಸಿಗತೊಡಗಿದವು. ಹಳ್ಳಿಯ ಹೆಸರು ಹೇಳಿದರೆ ಸೈನಿಕ ಸಿಗುತ್ತಾನೆ. ದಖ್ಖನಿಗೆ ಅಂಥದೊಂದು ಆಧಾರ ಬೇಕಿದ್ದರೆ ಅದನ್ನು ಈಗ ನಾವೇ ಮಾಡಿಕೊಳ್ಳಬೇಕು.

ಅದು ಅಸಾಧ್ಯವಲ್ಲ. ಕಲಬುರಗಿ, ಬೀದರ್, ರಾಯಚೂರು ಕಡೆಯ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಇಂಥ ಬಿಲ್ಲೆಗಳು, ಪಿಂಚಣಿ ಪುಸ್ತಕಗಳು, ಸತ್ತವರ ಮನೆಗೆ ಕಳಿಸಿದ ಕಂಚಿನ ಫಲಕಗಳು ಇರಬಹುದು. ಅವುಗಳ ಅಂಚನ್ನು ಓದಿ, ಫೋಟೊ ತೆಗೆದು, ಮನೆಯವರ ನೆನಪಿನೊಂದಿಗೆ ಬರೆದಿಡುವ ಕೆಲಸವನ್ನು ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದು ರಜೆಯಲ್ಲಿ ಆರಂಭಿಸಬಹುದು. 1980ರಿಂದ ನಮ್ಮಲ್ಲೇ ಒಂದು ವಿಶ್ವವಿದ್ಯಾಲಯವಿದೆ. ಮೋಡಿಯನ್ನೂ ಉರ್ದು ಶಿಕಸ್ತಾ ಬರಹವನ್ನೂ ಓದಬಲ್ಲ ಹಿರಿಯರು ಇನ್ನೂ ಕೆಲವರಾದರೂ ಇದ್ದಾರೆ. ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನ ಕಾಲದ ಕಡತಗಳಿವೆ, ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಸೇನಾ ಇಲಾಖೆಯ ಕಡತಗಳಿವೆ. ಮನೆಯ ಪೆಟ್ಟಿಗೆಯೂ ಪತ್ರಾಗಾರದ ಕಡತವೂ ಒಂದೇ ಮೇಜಿನ ಮೇಲೆ ಬರಬೇಕು, ಅಷ್ಟೇ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಇಂಥ ಪದಕಗಳು ಕುಲುಮೆಗೆ ಹೋಗುತ್ತವೆ. ಮಾರಲೇಬೇಕಾದ ಕಷ್ಟ ಬಂದವರನ್ನು ತಡೆಯಲು ನಾವು ಯಾರು? ಮಾರುವ ಮುನ್ನ ಅಂಚಿನ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಉಜ್ಜಿ ಬೆಳಗಬೇಡಿ ಎಂದಾದರೂ ಹೇಳೋಣ.

ಅವರು ಸತ್ತದ್ದು ಯಾರ ಯುದ್ಧದಲ್ಲಿ ಎಂದು ಕೇಳುವವರಿದ್ದಾರೆ. ನಿಜ, ಅದು ನಮ್ಮ ಯುದ್ಧವಾಗಿರಲಿಲ್ಲ. ಆದರೆ ಹೋದವರು ನಮ್ಮವರು. ಅಡವು ಬಿದ್ದದ್ದು ನಮ್ಮ ಕಮಲಾಪುರದ ಹೊಲ. ಡೆಕ್ಕನ್ ಹಾರ್ಸ್ ಇಂದಿಗೂ ಭಾರತೀಯ ಸೇನೆಯ ಟ್ಯಾಂಕ್ ದಳವಾಗಿ ಉಳಿದಿದೆ. 1965ರಲ್ಲಿ ಅಸಲ್ ಉತ್ತರ್ ರಣರಂಗದಲ್ಲಿ ಕಾದಿದ ದಳ ಅದು. ದಳಕ್ಕೆ ಇತಿಹಾಸವಿದ್ದ ಮೇಲೆ ಅದರ ಸವಾರನಿಗೆ ಒಂದು ತಾರೀಖಾದರೂ ಇರಬೇಡವೇ?

ನಾನು ಖಾಲಾ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನೂರಕ್ಕೆ ನೂರು ಇದೇ ಎನ್ನಲಾರೆ, ಬಹುಮಟ್ಟಿಗೆ ಇದೇ ಇರಬಹುದು ಎಂದೆ. ಅವರು ಬೇಸರಪಡಲಿಲ್ಲ. ‘ಮಾಸ್ತರ, ಹಬ್ಬದ ಚಂದ್ರನೂ ಒಂದೊಂದು ಊರಾಗ ಒಂದೊಂದು ದಿನ ಕಾಣ್ತಾನ. ನಮಗ ಕಂಡ ದಿನ ನಾವು ಹಬ್ಬ ಮಾಡ್ತೀವಿ. ಹದಿಮೂರನೇ ರೋಜಾ ಅಂತೀರಿ, ಅವತ್ತೇ ಓದಸ್ತೀವಿ. ನಾಳೆ ಬ್ಯಾರೆ ಸಿಕ್ಕರ ಹೇಳ್ರಿ, ಆ ದಿನಾನೂ ಓದಸ್ತೀವಿ. ಹೆಚ್ಚಾದ್ರ ನಷ್ಟ ಇಲ್ಲ’ ಎಂದರು.

ಹೋದ ರಂಜಾನ್‌ನ ಹದಿಮೂರನೆಯ ಸಂಜೆ ಉಪವಾಸ ಬಿಡುವ ಹೊತ್ತಿಗೆ ನನ್ನನ್ನೂ ಕರೆದಿದ್ದರು. ಖರ್ಜೂರದ ತಟ್ಟೆಯ ಪಕ್ಕದಲ್ಲಿ ಬೆಳ್ಳಿಯ ಬಿಲ್ಲೆ ಇತ್ತು. ಫಾತಿಹಾ ಮುಗಿದ ಮೇಲೆ ಮೊಮ್ಮಗ ಅದನ್ನು ಬಟ್ಟೆಯಲ್ಲಿ ಸುತ್ತಿ, ಜತೆಗೊಂದು ಕಾಗದವನ್ನೂ ಪೆಟ್ಟಿಗೆಯಲ್ಲಿಟ್ಟ. ಅದರಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ರೆಜಿಮೆಂಟಿನ ಹೆಸರು, ಸೈನಿಕ ಸಂಖ್ಯೆಯ ಉಳಿದ ಅಂಕಿಗಳು, ನಕ್ಷೆಯ ಹಾಳೆ, ಚೌಕದ ಸಂಖ್ಯೆ, 14 ಜುಲೈ 1916 ಎಂಬ ತಾರೀಖು ಇವೆ. ತಾರೀಖಿನ ಮುಂದೆ ‘ಬಹುಶಃ’ ಎಂದು ನಾನೇ ಹೇಳಿ ಬರೆಸಿದ್ದೇನೆ. ಮುಂದೆ ಹುಡುಕುವವರು ಅಲ್ಲಿಂದ ಆರಂಭಿಸಲಿ.